ಬಾಗಿಲ ಮೇಲಿನ ಮೂರು ಅಕ್ಷರ

ಐವತ್ತೆರಡನೆಯ ವಯಸ್ಸಿನಲ್ಲಿ ಕನ್ನಡ ಅಕ್ಷರ ಕಲಿತವಳಿಗೆ ಎಷ್ಟು ಜಂಭ ಇರಬಹುದೋ ಅದಕ್ಕಿಂತ ಒಂದು ಹಿಡಿ ಹೆಚ್ಚೇ ನನಗಿತ್ತು. ನಾನು ತಮಿಳು ಶಾಲೆಯಲ್ಲಿ ಗಣಿತ ಹೇಳಿಕೊಡುವ ಮೇಡಂ. ತಪ್ಪು ಕಂಡರೆ ಕೈ ಸುಮ್ಮನಿರುವುದಿಲ್ಲ. ನೆಂಟರ ಮದುವೆ ಕರೆಯೋಲೆಯನ್ನೂ ಪೆನ್ನಿನಲ್ಲಿ ತಿದ್ದಿ ಅವರ ಕೈಗೇ ಕೊಟ್ಟು ಬೈಸಿಕೊಂಡವಳು. ನಮ್ಮದು ಕಾರಮಡೈ ಕಡೆಯ ಬೇಸಾಯದ ಮನೆತನ. ಎಷ್ಟು ತಲೆಮಾರಿನ ಹಿಂದೆ ಮೈಸೂರು ಸೀಮೆಯಿಂದ ಘಟ್ಟ ಇಳಿದು ಬಂದೆವೋ ಯಾರಿಗೂ ಗೊತ್ತಿಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡದಲ್ಲಿ ಬೈಯುತ್ತೇವೆ, ಮುದ್ದಿಸುತ್ತೇವೆ, ಸತ್ತರೆ ಅಳುತ್ತೇವೆ. ಓದಲು ಬರೆಯಲು ಬರುವವರು ಮಾತ್ರ ನಮ್ಮ ಬಳಗದಲ್ಲಿ ಒಬ್ಬರೂ ಇರಲಿಲ್ಲ. ನಾನು ಮದುವೆಯಾಗಿ ಹೋದ ತೊಂಡಾಮುತ್ತೂರಿನಲ್ಲಿ ಪಕ್ಕದ ಮನೆಗೆ ಬಾಡಿಗೆಗೆ ಬಂದ ಕರ್ನಾಟಕದ ಇಂಜಿನಿಯರ್ ಹುಡುಗಿಯೊಬ್ಬಳು ನನಗೆ ಅಕ್ಷರ ಕಲಿಸಿದಳು. ಎರಡು ವರ್ಷದಲ್ಲಿ ಕೈಗೆ ಸಿಕ್ಕ ಕನ್ನಡವನ್ನೆಲ್ಲ ಓದಿಬಿಟ್ಟೆ, ಊದುಬತ್ತಿ ಪ್ಯಾಕೆಟ್ಟಿನ ಹಿಂಬದಿಯನ್ನೂ ಸೇರಿಸಿ.

ಓದಲಾಗದೆ ಉಳಿದದ್ದು ಒಂದೇ, ಅದೂ ನಮ್ಮ ತವರುಮನೆಯಲ್ಲೇ ಇತ್ತು. ಬಾಗಿಲ ಚೌಕಟ್ಟಿನ ಮೇಲಿನ ಮರದಲ್ಲಿ, ನಟ್ಟನಡುವೆ, ಮೂರು ಅಕ್ಷರ ಕೆತ್ತಿದೆ. ನಮ್ಮ ಮನೆತನದಲ್ಲಿ ಯಾರು ಹೊಸ ಮನೆ ಕಟ್ಟಿದರೂ ಹಳೆಯ ಬಾಗಿಲಿನಿಂದ ಆ ಮೂರನ್ನು ನಕಲು ಮಾಡಿ ಹೊಸ ಬಾಗಿಲ ಮೇಲೆ ಕೆತ್ತಿಸಬೇಕು. ಶುಕ್ರವಾರ ಶುಕ್ರವಾರ ಅದಕ್ಕೆ ಅರಿಶಿನ ಕುಂಕುಮ. ಅದರ ಹಿಂದೆ ಒಂದು ಕಥೆ. ಘಟ್ಟ ಇಳಿದು ಬಂದ ವರ್ಷ ನಮ್ಮವರು ಅವಿನಾಶಿ ಊರಾಚೆಯ ಒಂದು ಕಲ್ಲುಮಂಟಪದಲ್ಲಿ ಮಳೆಗಾಲ ಕಳೆದರಂತೆ. ಅಲ್ಲಿನ ಕಲ್ಲಿನಲ್ಲಿ ನಮ್ಮ ಭಾಷೆಯ ಅಕ್ಷರ ಕಂಡು, ನಮ್ಮವರು ಯಾರೋ ಇಲ್ಲಿಗೆ ಮೊದಲೇ ಬಂದಿದ್ದಾರೆ ಎಂದು ಧೈರ್ಯ ತಂದುಕೊಂಡು ಈ ಸೀಮೆಯಲ್ಲೇ ನೆಲೆ ನಿಂತರಂತೆ. ಓದಲು ಬಾರದವರಿಗೆ ಅದು ನಮ್ಮ ಅಕ್ಷರ ಎಂದು ಹೇಗೆ ಗೊತ್ತಾಯಿತು ಎಂದು ಯಾರೂ ಕೇಳಿರಲಿಲ್ಲ. ಎಲ್ಲದಕ್ಕೂ ಪ್ರಶ್ನೆ ಹಾಕುವ ನಾನೂ ಕೇಳಿರಲಿಲ್ಲ.

ಅಕ್ಷರ ಕಲಿತ ಮೇಲೆ ಸ್ಟೂಲು ಹಾಕಿಕೊಂಡು ಹತ್ತಿ ನೋಡಿದ್ದೆ. ಒಂದು ಕೊಕ್ಕೆ, ಒಂದು ಅರ್ಧಚಂದ್ರ, ಪಕ್ಕದಲ್ಲಿ ಎರಡು ಗೀಟು. ನನಗೆ ಗೊತ್ತಿದ್ದ ಯಾವ ಅಕ್ಷರಕ್ಕೂ ಅದು ಹೊಂದಲಿಲ್ಲ. ನಕಲಿನಿಂದ ನಕಲು ಮಾಡುತ್ತ ತಲೆಮಾರುಗಳಲ್ಲಿ ಕೆಡಿಸಿದ್ದಾರೆ ಎಂದು ತೀರ್ಮಾನಿಸಿದೆ. ಅಷ್ಟರಲ್ಲಿ ನನ್ನ ತಮ್ಮ ತುಡಿಯಲೂರಿನಲ್ಲಿ ಹೊಸ ಮನೆ ಕಟ್ಟಿಸತೊಡಗಿದ. ಮುಂದಿನ ಶುಕ್ರವಾರ ಬಾಗಿಲು ನಿಲ್ಲಿಸುವ ಪೂಜೆ. ಮೂಲವನ್ನೇ ನೋಡಿ ಸರಿಯಾಗಿ ಬರೆದುಕೊಂಡು ಬರೋಣ, ಈ ಸಲವಾದರೂ ತಪ್ಪಿಲ್ಲದೆ ಕೆತ್ತಿಸೋಣ ಎಂದು ನಾನು ಹಟ ಹಿಡಿದೆ.

ಅಪ್ಪನಿಗೆ ಎಂಬತ್ತಮೂರು. ಕಣ್ಣಿನ ನರ ಒಣಗುತ್ತಿದೆ. ಕೊಳವೆಯಲ್ಲಿ ನೋಡಿದ ಹಾಗೆ ನಡುವಿನಷ್ಟು ಕಾಣುತ್ತದೆ, ಅದೂ ಹೆಚ್ಚು ದಿನ ಉಳಿಯುವುದಿಲ್ಲ ಎಂದು ಡಾಕ್ಟರ್ ಹೇಳಿಬಿಟ್ಟಿದ್ದಾರೆ. ಚಿಕ್ಕಂದಿನಲ್ಲಿ ಅವರು ಓದಿದ ತಮಿಳು ಶಾಲೆಯಲ್ಲಿ, ನಿಮ್ಮ ಮಾತಿಗೆ ಎಳುತ್ತೇ, ಅಕ್ಷರವೇ ಇಲ್ಲವಲ್ಲ ಎಂದು ಜೊತೆಯ ಹುಡುಗರು ಆಡಿಕೊಂಡಾಗಲೆಲ್ಲ ಅಪ್ಪ, ನಮ್ಮನೆ ಬಾಗಿಲ ಮೇಲೆ ಇದೆ, ಬಂದು ನೋಡ್ರೋ ಎನ್ನುತ್ತಿದ್ದರಂತೆ. ಮಂಟಪಕ್ಕೆ ಹೋಗುವ ಮಾತು ಕಿವಿಗೆ ಬಿದ್ದದ್ದೇ ಅವರು ನನ್ನ ಕೈ ಹಿಡಿದುಕೊಂಡರು. ಮುದ್ದಿಗೆ ಅವರು ನನ್ನನ್ನು ಕಣ್ಣು ಎಂದೇ ಕರೆಯುವುದು.

‘ನಾನೂ ಬರ್ತೀನಿ ಕಣ್ಣು. ಈ ಪಾರ್ವೆ ಪೂರಾ ಹೋಗೋ ಮುಂಚೆ ಅದ ನೋಡ್ಬೇಕು. ನೀ ಓದ್ಬೇಕು, ನಾ ಕೇಳ್ಬೇಕು.’

ಹೀಗೆ ಒಂದು ಭಾನುವಾರ ಬೆಳಗ್ಗೆ ತಮ್ಮನ ಕಾರಿನಲ್ಲಿ ಹೊರಟೆವು. ಬಾಳೆತೋಟಗಳು ಮುಗಿದು, ಅನ್ನೂರು ಬರುವ ಹೊತ್ತಿಗೆ ನೆಲ ಒಣಗಿ ಕೆಂಪಾಯಿತು, ಬೇಲಿಗಳು ಮುಳ್ಳಾದವು. ಅನ್ನೂರಿನಲ್ಲಿ ಇಡ್ಲಿ. ತಮ್ಮನಿಗೆ ಮಧ್ಯಾಹ್ನದೊಳಗೆ ತಿರುಗಿ ಬರಬೇಕು, ಸಿಮೆಂಟು ಇಳಿಸುವುದಿತ್ತು. ನನ್ನ ಕೈಯಲ್ಲೋ ಒಂದು ಪಟ್ಟಿ. ಅಷ್ಟು ದೂರ ಹೋಗಿ ಬರೀ ಒಂದು ಕಲ್ಲು ನೋಡಿ ಬರಲು ನನಗೆ ಮನಸ್ಸಿರಲಿಲ್ಲ. ಪಟ್ಟಿ ನೋಡಿ ಅವನು, ‘ಇದೇನಕ್ಕಾ, ಇನ್ಸ್‌ಪೆಕ್ಷನ್ನಾ’ ಎಂದ.

ಅವಿನಾಶಿಯ ದೊಡ್ಡ ದೇವಸ್ಥಾನದ ಮುಂದೆ ದೀಪಸ್ತಂಭದ ಬುಡದಲ್ಲಿ ಮೊಸಳೆಯೊಂದು ಮಗುವನ್ನು ಹೊರಗೆ ಉಗುಳುತ್ತಿರುವ ಕೆತ್ತನೆ ಇದೆ. ಕೆರೆಯ ಮೊಸಳೆ ನುಂಗಿದ ಮಗು ಎಷ್ಟೋ ವರ್ಷದ ಮೇಲೆ ಒಬ್ಬ ಭಕ್ತನ ಹಾಡಿಗೆ ಹೊರಬಂತು ಎಂಬುದು ಇಲ್ಲಿನ ಕಥೆ. ನಾನು ಅರ್ಚಕರನ್ನು ಕೇಳಿದೆ: ನುಂಗಿದಾಗ ಇದ್ದಷ್ಟೇ ವಯಸ್ಸಿತ್ತೋ, ಬೆಳೆದಿತ್ತೋ? ಅಷ್ಟು ವರ್ಷಕ್ಕೆ ಎಷ್ಟು ಬೆಳೆಯಬೇಕೋ ಅಷ್ಟು ಬೆಳೆದೇ ಬಂತಮ್ಮ ಎಂದರು ಅವರು. ಅಪ್ಪ ನನ್ನ ಭುಜ ಹಿಡಿದು ಕೆಳದನಿಯಲ್ಲಿ, ‘ಒಳಗೆ ಪಳ್ಳಿಕೂಡ ಇತ್ತಾ ಕೇಳು, ನಿಂಗೆ ವೇಲೆ ಸಿಕ್ಕೀತು’ ಎಂದರು. ಮೊಸಳೆಯ ಹೊಟ್ಟೆಯಲ್ಲೂ ನನಗೊಂದು ಶಾಲೆ, ಒಂದು ಮೇಡಂ ಕೆಲಸ! ಅಪ್ಪ ಖುಷಿಯಲ್ಲಿದ್ದರು. ಕಂಬದ ಮೇಲಿನ ಯಾಳಿ, ಬೆಕ್ಕಿನ ಗಾತ್ರದ ಆನೆ, ಎಲ್ಲವನ್ನೂ ಕೈಯಿಂದ ಮುಟ್ಟಿ ಮುಟ್ಟಿ ನೋಡಿದರು. ಪ್ರಾಕಾರದ ಗೋಡೆಯ ಮೇಲೆ ಸಾಲು ಸಾಲಾಗಿ ಹಳೆಯ ತಮಿಳು ಬರಹ. ಅದರಲ್ಲಿ ಅರ್ಧ ನನಗೂ ತಿಳಿಯಲಿಲ್ಲ. ತಮಿಳು ಶಾಲೆಯ ಮೇಡಂಗೆ ಹಳೆಯ ತಮಿಳೇ ತಿಳಿಯದಿರುವಾಗ ಹಳೆಯ ಕನ್ನಡ ಹೇಗೆ ತಿಳಿದೀತು ಎಂಬ ಅಳುಕು ಮೊದಲ ಸಲ ಅಲ್ಲಿ ಹುಟ್ಟಿತು. ಅದನ್ನು ಯಾರಿಗೂ ಹೇಳದೆ ಪಟ್ಟಿಯ ಮುಂದಿನ ಸಾಲಿಗೆ ಹೋದೆ.

ಹಳೆಯ ಬೀದಿಗಳಲ್ಲಿ ನಡೆದೆವು. ಜಗಲಿ ಇರುವ ಹೆಂಚಿನ ಮನೆಗಳು ಇನ್ನೂ ಕೆಲವು ಉಳಿದಿವೆ. ಒಂದರೊಳಗಿಂದ ಪವರ್‌ಲೂಮಿನ ಸದ್ದು, ಇನ್ನೊಂದರ ಜಗಲಿಯ ಮೇಲೆ ಬನಿಯನ್ ಕಂಪನಿಗೆ ಬಂದ ಹೊರರಾಜ್ಯದ ಹುಡುಗರ ಬಟ್ಟೆ ಒಣಗುತ್ತಿತ್ತು. ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಬೀಸುಕಲ್ಲಿನ ಗೂಟಕ್ಕೆ ಮೊಬೈಲ್ ಚಾರ್ಜರ್ ಸುತ್ತಿಟ್ಟಿದ್ದರು. ಏಕೆ ಎಂದು ಕೇಳಿದೆ. ‘ಅದಕ್ಕೂ ಒಂದು ಕೆಲಸ ಬೇಕಲ್ಲ’ ಎಂದರು. ರೀಚಾರ್ಜ್ ಅಂಗಡಿಯ ಬೋರ್ಡಿನ ಮುಂದೆ ಅಪ್ಪ ನಿಂತುಬಿಟ್ಟರು. ತಮಿಳಿನ ಕೆಳಗೆ ಹಿಂದಿ, ಅದರ ಕೆಳಗೆ ಒಡಿಯಾ. ಯಾವುದು ಯಾವುದೆಂದು ನನ್ನಿಂದ ಹೇಳಿಸಿಕೊಂಡರು.

‘ನಿನ್ನೆ ಮೊನ್ನೆ ಬಂದೋರ ಎಳುತ್ತೂ ಬೋರ್ಡ್ ಏರಿದೆ,’ ಎಂದರು. ‘ಪರವಾಯಿಲ್ಲ ಬುಡು. ನಮ್ದು ಕಲ್ಲಲ್ಲೇ ಇದೆ.’

ಆ ಮಾತು ಕೇಳಿದ ಮೇಲೆ ನನ್ನ ಕುತೂಹಲಕ್ಕೆ ಭಯವೂ ಸೇರಿಕೊಂಡಿತು. ಓದಲಾಗದಿದ್ದರೆ ಏನು ಮಾಡುವುದು ಎಂದು ಕಾರಿನಲ್ಲಿ ಯೋಚಿಸಿದೆ. ಶ್ರೀ ಎಂದಿದೆ ಅಪ್ಪಾ, ಅದರ ಮುಂದೆ ದೇವರ ಹೆಸರು ಎಂದುಬಿಡುವುದು. ಯಾರು ಬಂದು ನನ್ನನ್ನು ಪರೀಕ್ಷೆ ಮಾಡುತ್ತಾರೆ? ಮಕ್ಕಳು ಕಾಪಿ ಹೊಡೆದರೆ ಕಿವಿ ಹಿಂಡುವ ನಾನೇ ಕಾಪಿ ಹೊಡೆಯಲು ಸಿದ್ಧಳಾಗಿದ್ದೆ.

ಮಂಟಪ ಊರಾಚೆ, ನೀರಿಲ್ಲದ ಕೆರೆಯ ದಂಡೆಯ ಮೇಲಿತ್ತು. ಮೂರು ಕಡೆ ತೆರೆದ, ಪಡಸಾಲೆಯಷ್ಟು ದೊಡ್ಡ ಕಲ್ಲಿನ ಚಾವಡಿ. ಸುತ್ತ ಜಾಲಿ ಗಿಡ, ಒಳಗೆ ಆಡಿನ ಹಿಕ್ಕೆ. ಮೂಡಣ ಕಡೆಯ ತೊಲೆಯ ಒಳಮೈಯಲ್ಲಿ ಮೂರು ಗುರುತು ಇದ್ದವು. ತಮ್ಮ ತನ್ನ ಫೋನಿನ ಟಾರ್ಚ್ ಬಿಟ್ಟ. ಅಪ್ಪ ಚಪ್ಪಲಿ ಬಿಟ್ಟು ಕೈ ಮುಗಿದು ನಿಂತರು.

ನಾನು ನೋಡಿದೆ. ಕನ್ನಡವಲ್ಲ. ಹಳೆಯದೋ ಹೊಸದೋ, ಯಾವ ಭಾಷೆಯೂ ಅಲ್ಲವೇನೋ ಅನ್ನಿಸಿತು. ಫೋನಿನಲ್ಲಿ ನಮ್ಮ ಬಾಗಿಲಿನ ಫೋಟೋ ಇತ್ತು. ಅದಕ್ಕೂ ಇದಕ್ಕೂ ನೆಂಟಸ್ತಿಕೆ ಇದೆ ಅನ್ನಿಸಿದರೂ ಕೂಡಿ ಬರಲಿಲ್ಲ. ಅಲ್ಲಿ ಮೊದಲಿದ್ದ ಕೊಕ್ಕೆ ಇಲ್ಲಿ ಕೊನೆಯಲ್ಲಿ, ಅಲ್ಲಿ ಮೇಲೆ ನೋಡುವ ಚಂದ್ರ ಇಲ್ಲಿ ಕೆಳಗೆ.

‘ಓದು ಕಣ್ಣು,’ ಎಂದರು ಅಪ್ಪ.

ಶ್ರೀ ಎಂಬುದು ನಾಲಿಗೆಯ ತುದಿಯವರೆಗೆ ಬಂತು. ಕೈ ಮುಗಿದು ನಿಂತ ಮುದುಕನ ಮುಂದೆ ಅದು ಹೊರಗೆ ಬರಲಿಲ್ಲ. ‘ಸವೆದಿದೆ ಅಪ್ಪಾ. ಬರ್ಕೊಂಡು ನಿಧಾನಕ್ಕೆ ನೋಡ್ತೀನಿ’ ಎಂದು ಪುಸ್ತಕ ತೆಗೆದು ಕಂಡದ್ದನ್ನು ಕಂಡ ಹಾಗೆ ಬರೆದುಕೊಂಡೆ. ಅಪ್ಪ ಮುಗಿದ ಕೈ ಇಳಿಸಿದರು. ತಮ್ಮನಿಗೆ ನನ್ನ ಮುಖ ನೋಡಿಯೇ ಅರ್ಥವಾಗಿರಬೇಕು; ಸಿಮೆಂಟಿನ ಮಾತು ಬಿಟ್ಟು, ತಿರುಮುರುಗನ್‌ಪೂಂಡಿ ಹತ್ತಿರದಲ್ಲೇ ಇದೆ, ಅಲ್ಲಿ ಕಲ್ಲು ಕೆತ್ತುವವರನ್ನು ಕೇಳೋಣ ಎಂದ. ಅದು ನನ್ನ ಪಟ್ಟಿಯಲ್ಲೂ ಇತ್ತು.

ಪೂಂಡಿಯಲ್ಲಿ ರಸ್ತೆಯುದ್ದಕ್ಕೂ ಕಲ್ಲಿನ ಕೆಲಸದ ಕೊಟ್ಟಿಗೆಗಳು. ಮುಖವಿಲ್ಲದ ನಂದಿ, ಸೊಂಡಿಲು ಮಾತ್ರ ಮುಗಿದ ಗಣಪತಿ, ಬಿಳಿ ಧೂಳು ಕುಡಿದು ನಿಂತ ಬೇವಿನ ಮರ. ಎಲ್ಲ ಕಡೆ ಗ್ರೈಂಡರಿನ ಕಿರುಚು. ನಲವತ್ತರ ಆಸುಪಾಸಿನ ಒಬ್ಬ ಶಿಲ್ಪಿ ನಮ್ಮನ್ನು ನೋಡಿ ಯಂತ್ರ ಆರಿಸಿದ. ವಿಗ್ರಹದ ಕಣ್ಣು ಯಾವಾಗ ತೆರೆಯುತ್ತೀರಿ, ಕಲ್ಲು ಒಡೆದರೆ ಏನು ಮಾಡುತ್ತೀರಿ, ಗಂಡುಕಲ್ಲು ಹೆಣ್ಣುಕಲ್ಲು ಹೇಗೆ ಗೊತ್ತು ಮಾಡುತ್ತೀರಿ ಎಂದು ನಾನು ಕೇಳುತ್ತಲೇ ಹೋದೆ. ಅವನು ಚಿಕ್ಕ ಸುತ್ತಿಗೆಯಿಂದ ಎರಡು ಕಲ್ಲು ತಟ್ಟಿ ನಾದ ಕೇಳಿಸಿದ. ನನ್ನ ಪ್ರಶ್ನೆಗಳು ಮುಗಿಯುವಂತಿರಲಿಲ್ಲ, ಏಕೆಂದರೆ ಕೇಳಬೇಕಾದ ಪ್ರಶ್ನೆಗೆ ನಾನು ಹೆದರಿದ್ದೆ. ಕೊನೆಗೆ ಅಪ್ಪನೇ ತಮಿಳಿನಲ್ಲಿ, ‘ತಂಬಿ, ಆ ಕಾಗದ ನೋಡಪ್ಪ’ ಎಂದರು.

ಅವನು ನನ್ನ ಪುಸ್ತಕ ನೋಡಿದ, ಫೋನಿನಲ್ಲಿ ನಮ್ಮ ಬಾಗಿಲು ನೋಡಿದ. ಫೋನನ್ನು ತಲೆಕೆಳಗು ಮಾಡಿದ. ಫೋಟೋವೂ ತಿರುಗಿ ಮತ್ತೆ ಮೊದಲಿನಂತೆ ನಿಂತಿತು. ನಕ್ಕು, ಪುಸ್ತಕವನ್ನೇ ತಿರುಗಿಸಿ ಪಕ್ಕದಲ್ಲಿ ಹಿಡಿದ. ಎರಡೂ ಒಂದೇ ಆಗಿಬಿಟ್ಟವು. ಒಂದು ಗೀಟೂ ಹೆಚ್ಚು ಕಮ್ಮಿ ಇಲ್ಲ. ಯಾರೂ ಏನನ್ನೂ ಕೆಡಿಸಿರಲಿಲ್ಲ. ಎಷ್ಟೋ ತಲೆಮಾರು ಒಂದು ಕೂದಲಿನಷ್ಟೂ ಬದಲಿಸದೆ ನಕಲು ಮಾಡಿದ್ದರು. ಆದರೆ ತಲೆಕೆಳಗಾಗಿ.

‘ಇದು ಎಳುತ್ತಲ್ಲ ಅಯ್ಯಾ,’ ಎಂದ ಅವನು. ‘ಕಲ್ಲು ಕೂಡಿಸೋ ಗುರುತು. ಕೆತ್ತೋದು ಒಂದು ಕಡೆ, ನಿಲ್ಲಿಸೋದು ಇನ್ನೊಂದು ಕಡೆ. ಯಾವ ಕಲ್ಲು ಎಲ್ಲಿಗೆ ಅಂತ ಗೊತ್ತಾಗಬೇಕಲ್ಲ? ನಮ್ಮ ತಾತ ಹಾಕ್ತಿದ್ದದ್ದೂ ಹೆಚ್ಚುಕಡಿಮೆ ಹೀಗೇ. ಎರಡು ಗೀಟು ಅಂದರೆ ಎರಡನೇ ಕಲ್ಲು. ಚಂದ್ರ ಮೂಡಣ ಸಾಲು. ಕೊಕ್ಕೆಯ ಬಾಯಿ ಹೀಗೆ ಮೇಲೆ ಬರಬೇಕು.’

ಅಪ್ಪ ನನ್ನ ಕಡೆ ತಿರುಗಿದರು. ತಮಿಳಿನಿಂದ ಕನ್ನಡಕ್ಕೆ ಬಂದರು.

‘ನೆಜವಾ ಕಣ್ಣು?’

‘ನೆಜ ಅಪ್ಪಾ. ನಮ್ಮ ಎಳುತ್ತು ಅಲ್ಲ ಅದು.’

ಜೀವಮಾನದಲ್ಲಿ ನಾನು ಎಷ್ಟೋ ಮಕ್ಕಳ ಉತ್ತರಕ್ಕೆ ತಪ್ಪು ಎಂದು ಗೀಟು ಎಳೆದಿದ್ದೇನೆ. ಆ ದಿನದ ಗೀಟು ಮಾತ್ರ ಎಳೆಯಬಾರದಿತ್ತು ಅನ್ನಿಸಿತು. ಇಷ್ಟು ತಿರುಗಾಟ, ಇಷ್ಟು ಪ್ರಶ್ನೆ ಎಲ್ಲ ಯಾಕೆ ಬೇಕಿತ್ತು, ಹಳೆಯ ಬಾಗಿಲ ಮೇಲೆ ಅದು ತನ್ನ ಪಾಡಿಗೆ ಇರುತ್ತಿರಲಿಲ್ಲವೇ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಅಪ್ಪ ಅರ್ಧ ಕೆತ್ತಿದ ನಂದಿಯ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತರು. ತಮ್ಮ ಎಳನೀರು ತಂದ, ಕುಡಿಯಲಿಲ್ಲ.

ಆಮೇಲೆ ಅವರು ಕೇಳಿದ್ದು ಶಿಲ್ಪಿಯನ್ನು. ‘ನೇರಾಗಿದ್ದದ್ದು ನಮ್ಮೋರಿಗೆ ತಲೆಕೆಳಗಾಗಿ ಹೇಗಪ್ಪಾ ಕಂಡಿತು?’

ಅವನಿಗೂ ಅದು ಸೋಜಿಗವೇ. ಜಾಗ ನೋಡದೆ ಹೇಳಲಾಗದು ಎಂದವನು, ಊಟದ ಹೊತ್ತು ಹೇಗೂ ಆಗಿದೆ ಎಂದು ಗಾಡಿ ಹತ್ತಿ ನಮ್ಮ ಕಾರಿನ ಹಿಂದೆಯೇ ಬಂದ. ಮಂಟಪದಲ್ಲಿ ಅದೇ ಮೂಡಣ ಸಾಲಿನ ಆಚೀಚೆಯ ತೊಲೆಗಳ ಮೇಲಿನ ಧೂಳು ಒರೆಸಿ ತೋರಿಸಿದ. ಅಲ್ಲೂ ಚಂದ್ರ, ಅಲ್ಲೂ ಕೊಕ್ಕೆ. ಒಂದರಲ್ಲಿ ಒಂದು ಗೀಟು, ಇನ್ನೊಂದರಲ್ಲಿ ಮೂರು. ಇನ್ನು ಅನುಮಾನವೇ ಉಳಿಯಲಿಲ್ಲ. ನಾನು ಕಂಬದ ಹಿಂದೆ ಹೋಗಿ ನೋಡಿದೆ, ಮೆಟ್ಟಿಲ ಮೇಲೆ ನಿಂತು ನೋಡಿದೆ, ಬಗ್ಗಿ ನೋಡಿದೆ. ಎಲ್ಲಿಂದ ನೋಡಿದರೂ ಅದು ನೇರವಾಗಿಯೇ ಇತ್ತು.

ತಿರುಗಿ ನೋಡಿದರೆ ಅಪ್ಪ ಹೆಗಲ ಮೇಲಿನ ಟವೆಲ್ ಹಾಸಿ, ಆಡಿನ ಹಿಕ್ಕೆ ಸರಿಸಿ ನೆಲದ ಮೇಲೆ ಮಲಗುತ್ತಿದ್ದರು. ಸುಸ್ತಾಯಿತೆಂದು ನಾನು ಓಡಿದೆ. ಅವರು ಕೈ ಅಡ್ಡ ಹಿಡಿದರು. ಮನೆಯಲ್ಲಿ ದಿನಾ ಮಲಗುವ ಹಾಗೆ ತಲೆಯನ್ನು ಮೂಡಣಕ್ಕೆ ಹಾಕಿದರು. ನಮ್ಮ ಮನೆತನದಲ್ಲಿ ಎಲ್ಲರೂ ಹಾಗೇ ಮಲಗುವುದು. ಬೇರೆ ದಿಕ್ಕಿಗೆ ತಲೆ ಹಾಕಿದರೆ ಅಜ್ಜಿ ಎಬ್ಬಿಸಿ ತಿರುಗಿಸುತ್ತಿದ್ದಳು. ಹಾಗೆ ಅಂಗಾತ ಮಲಗಿ, ಕಣ್ಣನ್ನು ಹಣೆಯ ಮೇಲಕ್ಕೆ ತಿರುಗಿಸಿ, ತಲೆಯ ಹಿಂದಿನ ತೊಲೆ ನೋಡಿದರು.

‘ಟಾರ್ಚ್ ಬುಡೋ,’ ಎಂದರು ತಮ್ಮನಿಗೆ. ಅವನು ಬಿಟ್ಟ. ಅಪ್ಪ ತೊಲೆಯತ್ತ ಕೈ ಚಾಚಿದರು. ‘ನಮ್ ಬಾಗ್ಲು ಇದು. ಹಂಗೇ ಇದೆ. ಮಲಗಿದ್ರು ಕಣ್ಣು ಅವರು. ಇಲ್ಲೇ ಮಲಗಿದ್ರು.’

ನಾನೂ ಅವರ ಪಕ್ಕದಲ್ಲಿ ಮಲಗಿದೆ. ಕೊಕ್ಕೆ ಮೊದಲು, ಚಂದ್ರ ಮೇಲೆ ನೋಡುತ್ತ, ಪಕ್ಕದಲ್ಲಿ ಎರಡು ಗೀಟು. ತವರುಮನೆಯ ಬಾಗಿಲು ಹಾಗೆ ಹಾಗೇ ನನ್ನ ತಲೆಯ ಮೇಲಿತ್ತು. ಹೊರಗೆ ಮಳೆ ಸುರಿಯುವಾಗ, ಮುಂದೆ ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲದ ಯಾರೋ ಈ ಕಲ್ಲಿನ ಮೇಲೆ ಮಲಗಿ ದಿನಗಟ್ಟಲೆ ಅದನ್ನೇ ನೋಡಿದ್ದಾರೆ. ನೋಡಿ ನೋಡಿ ಅದು ಅವರದಾಯಿತು. ಅಕ್ಷರದ ಕಥೆ ಸುಳ್ಳಾಯಿತು, ಮಳೆಗಾಲದ ಕಥೆ ನಿಜವಾಯಿತು. ನನಗೆ ಅಳು ಬಂತು, ಅತ್ತುಬಿಟ್ಟೆ. ತಮ್ಮ ಸಿಮೆಂಟಿನವನಿಗೆ ಫೋನ್ ಮಾಡಿ ನಾಳೆ ಬಾ ಎಂದ.

ಶಿಲ್ಪಿ ಹೊರಡುವ ಮುಂಚೆ, ಹೊಸ ಬಾಗಿಲಿಗೆ ನೇರವಾಗಿ ಬರೆದುಕೊಡಲೇ ಎಂದು ಕೇಳಿದ. ಕೊಕ್ಕೆಯ ಬಾಯಿ ಮೇಲೆ ಬರುವುದೇ ಸರಿ ಎಂದು ಹೇಳಲು ನಾನು ಬಾಯಿ ತೆರೆದದ್ದು ನಿಜ. ಅಪ್ಪ ನನಗಿಂತ ಮೊದಲೇ, ‘ಬ್ಯಾಡ ತಂಬಿ, ಅವರು ಕಂಡಂಗೇ ಇರ್ಲಿ’ ಎಂದರು.

ತಿರುಗಿ ಬರುವ ದಾರಿಯಲ್ಲಿ ಕರುವಲೂರು ದಾಟಿದ ಮೇಲೆ ಅಪ್ಪ ಹಿಂದಿನ ಸೀಟಿನಲ್ಲಿ ನನ್ನ ಪುಸ್ತಕ ಕೇಳಿ ತೆಗೆದುಕೊಂಡರು. ಖಾಲಿ ಹಾಳೆ ತಿರುವಿ ನನ್ನ ತೊಡೆಯ ಮೇಲಿಟ್ಟರು.

‘ಹಂಗಾದ್ರೆ ನಮ್ಮೆಳುತ್ತು ಹೆಂಗಿರ್ತದೆ? ಬರೆದು ತೋರ್ಸು.’

ಎರಡು ವರ್ಷದಿಂದ, ತವರಿಗೆ ಹೋದಾಗಲೆಲ್ಲ, ಅವರೆದುರೇ ಕೂತು ಕನ್ನಡ ಓದುತ್ತಿದ್ದೆ. ಒಂದು ದಿನವೂ ಕೇಳಿರಲಿಲ್ಲ. ಬಾಗಿಲ ಮೇಲೆ ಇದೆಯಲ್ಲ ಎಂದು ಇದ್ದರು. ಏನು ಬರೆಯಲಿ ಎಂದು ಕೇಳಿದೆ. ದೇವರ ಹೆಸರು ಹೇಳುತ್ತಾರೆ ಎಂದುಕೊಂಡಿದ್ದೆ. ಅಪ್ಪ ಹೇಳಿದ್ದು ಬೇರೆಯೇ.

‘ನಿಮ್ಮಜ್ಜಿ, ನಾ ಎಲ್ಲಿಂದ ಬಂದ್ರೂ ವಾಸಲು ಬಾಗ್ಲಲ್ಲಿ ನಿಂತು ಒಂದ್ ಮಾತು ಕೇಳೋಳು, ಬಂದ್ಯಾ ಅಂತ. ಅದ ಬರಿ.’

ಬರೆದೆ, ದೊಡ್ಡದಾಗಿ, ಹಾಳೆ ತುಂಬ. ಅವರು ಹಾಳೆಯನ್ನು ಕಣ್ಣ ಹತ್ತಿರ ತಂದು, ಉಳಿದಿದ್ದ ಅಷ್ಟು ನೋಟದಲ್ಲಿ ಒಂದೊಂದೇ ಅಕ್ಷರ ಹಿಡಿದು ನೋಡಿದರು. ‘ಇಷ್ಟು ಉರುಟಾ, ದುಂಡುದುಂಡಗೆ’ ಎಂದರು. ಬೆರಳಿಂದ ತಿದ್ದಿದರು. ತುಡಿಯಲೂರು ಬರುವವರೆಗೂ ತಿದ್ದುತ್ತಲೇ ಇದ್ದರು.

ಶುಕ್ರವಾರ ಬಾಗಿಲು ನಿಂತಿತು. ಮೇಲೆ ಆ ಮೂರು ಗುರುತು, ತಲೆಕೆಳಗಾಗಿಯೇ. ಅದರ ಕೆಳಗೆ ನನ್ನ ಕೈಬರಹ ನೋಡಿ ಕನ್ನಡ ಬಾರದ ಬಡಗಿ ಕೆತ್ತಿದ ಅಜ್ಜಿಯ ಆ ಒಂದು ಪದ: ಬಂದ್ಯಾ. ಕೊನೆಯ ಅಕ್ಷರ ಸ್ವಲ್ಪ ವಾರೆಯಾಗಿದೆ. ತಿದ್ದಿಸಬೇಕೆಂದು ನನ್ನ ಕೈ ಈಗಲೂ ತುರಿಸುತ್ತದೆ. ಅಪ್ಪನಿಗೆ ಈಗ ಬೆಳಕು ನೆರಳು ಬಿಟ್ಟು ಬೇರೇನೂ ಕಾಣುವುದಿಲ್ಲ. ಹಗಲೆಲ್ಲ ಆ ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಮನೆಗೆ ಬಂದವರು ತಲೆಯೆತ್ತಿ ನೋಡಿ, ಅದೇನು ಬರೆದಿದೆ ಎಂದು ಕೇಳಿದರೆ, ಅಪ್ಪ ಎದ್ದು ನಿಂತು, ಕೈಯೆತ್ತಿ ಮರದ ಮೇಲೆ ಬೆರಳಾಡಿಸಿ ಓದಿ ಹೇಳುತ್ತಾರೆ. ಮೊನ್ನೆ ಶನಿವಾರ ನಾನು ಹೋದಾಗ ಚಪ್ಪಲಿ ಬಿಡುವ ಸದ್ದಿಗೇ ಗುರುತು ಹಿಡಿದು ಎದ್ದರು, ಬೆರಳು ಮೇಲಕ್ಕೆ ಹೋಯಿತು, ಮತ್ತು ನನಗೂ ಓದಿ ಹೇಳಿದರು.